ಮೂಕಪ್ರಾಣಿಗಳ ಕಾಲಜ್ಞಾನ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಜಡೆಯೆಂಬುದು ಒಂದು ಹೋಬಳಿಯ ಊರು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಆ ಪ್ರಾಂತದಲ್ಲಿ ಬತ್ತದ ಗದ್ದೆ, ಕೆರೆ, ಅಡಕೆಯ ತೋಟ, ಕಾನು ಇವೆಲ್ಲ ಒಂದರ ಮಗ್ಗುಲಲ್ಲೊಂದು ಇರುವುವು. ಅಲ್ಲಿಯ ಯಾವುದಾದರೊಂದು ಕೇರಿಯಲ್ಲಿ ಸಂಜೆಯ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಮೇವಿಗೆ ಹೋದ ದನಗಳು ಯಾರೂ ಅಟ್ಟದೆಯೇ ಊರ ಕಡೆಗೆ ಮುಖ ಮಾಡುವುವು. ಕೊಟ್ಟಿಗೆಯಲ್ಲಿ ಕಟ್ಟಿದ ಕರುವು ತಾಯಿಯ ಕೊರಳಿನ ಗಂಟೆ ಕೇಳಿಸುವುದಕ್ಕೆ ಮೊದಲೇ ಎದ್ದು ನಿಂತು ಹಗ್ಗವನ್ನು ಜಗ್ಗುವುದು. ಅಂಗಳದ ಕೋಳಿಗಳು ಕತ್ತಲೆ ಕವಿಯುವುದರೊಳಗಾಗಿ ಗೂಡು ಸೇರುವುವು. ಮನೆಯವರು ಊಟಕ್ಕೆ ಕುಳಿತುಕೊಳ್ಳುವ ವೇಳೆಗೆ ಸರಿಯಾಗಿ ನಾಯಿಯು ಹಿತ್ತಲ ಬಾಗಿಲಲ್ಲಿ ಬಂದು ಮಲಗುವುದು. ಇವುಗಳಲ್ಲಿ ಯಾವುದಕ್ಕೂ ಗಡಿಯಾರವಿಲ್ಲ, ಪಂಚಾಂಗವಿಲ್ಲ. ಆದರೂ ಹೊತ್ತು ತಪ್ಪಿತೆಂಬ ದೂರು ಅವುಗಳ ಮೇಲೆ ಬಂದುದನ್ನು ನಾವು ಕೇಳಿಲ್ಲ.

ಇದನ್ನು ‘ಅಭ್ಯಾಸಬಲ’ವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನಮ್ಮಲ್ಲಿ ವಾಡಿಕೆ. ಮಾತು ಸುಳ್ಳಲ್ಲವಾದರೂ ಅದರಿಂದ ಪ್ರಶ್ನೆಯು ಬಗೆಹರಿಯುವುದಿಲ್ಲ. ಅಭ್ಯಾಸವಾಗಬೇಕಾದರೆ ಹೊತ್ತು ಸರಿದುದು ತಿಳಿಯಬೇಕು. ನಿನ್ನೆಯ ಈ ವೇಳೆಯೂ ಇಂದಿನ ಈ ವೇಳೆಯೂ ಒಂದೇ ಎಂಬ ಗುರುತು ಪ್ರಾಣಿಯೊಳಗೆ ಎಲ್ಲಿಯೋ ಉಳಿದಿರಬೇಕು. ಆ ಗುರುತು ಎಲ್ಲಿರುವುದು, ಅದು ತಪ್ಪಿದಾಗ ತಿದ್ದುವವರಾರು, ಅದರ ಸಹಾಯದಿಂದ ಪ್ರಾಣಿಯು ಏನನ್ನು ಕಲಿಯಬಲ್ಲುದು, ಏನನ್ನು ಕಲಿಯಲಾರದು ಎಂಬ ವಿಷಯಗಳನ್ನು ಕಳೆದ ನೂರು ವರ್ಷಗಳಿಗೂ ಮೀರಿದ ಕಾಲದಿಂದ ಶಾಸ್ತ್ರಜ್ಞರು ಬಹು ತಾಳ್ಮೆಯಿಂದ ಶೋಧಿಸುತ್ತ ಬಂದಿರುವರು. ಆ ಶೋಧನೆಯ ಸಾರವನ್ನು ವಾಚಕರ ಮುಂದಿಡುವುದೂ, ಅದರಿಂದ ನಮ್ಮ ಮೇಲೆ ಬೀಳುವ ಹೊಣೆಯಾವುದೆಂದು ವಿಚಾರಿಸುವುದೂ ಈ ಲೇಖನದ ಉದ್ದೇಶವಾಗಿರುವುದು.

ಮೊದಲು ನಮ್ಮ ಗಡಿಯಾರದ ಸಂಗತಿಯನ್ನೇ ನೋಡೋಣ. ೧೯೦೬ನೆಯ ಇಸವಿ ಜನವರಿ ೧ನೆಯ ತಾರೀಖಿನಿಂದ ನಮ್ಮ ದೇಶದಲ್ಲಿ ಒಂದು ಸಾಮಾನ್ಯ ಕಾಲಮಾನವು ಜಾರಿಗೆ ಬಂದಿತು. ಅದು ಪೂರ್ವ ರೇಖಾಂಶ ೮೨½ ಡಿಗ್ರಿಯ ಮೇಲಣ ಸೂರ್ಯನಿಗೆ ಹೊಂದಿಸಿದ ಕಾಲ. ಜಡೆಯ ಪ್ರಾಂತವಾದರೋ ೭೫ ಡಿಗ್ರಿಯ ಆಸುಪಾಸಿನಲ್ಲಿರುವುದು. ಡಿಗ್ರಿಯೊಂದಕ್ಕೆ ೪ ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯನಿಗೂ ಗಡಿಯಾರಕ್ಕೂ ನಡುವೆ ಸುಮಾರು ಅರ್ಧ ಗಂಟೆಯ ಅಂತರ ಬೀಳುವುದು. ಎಂದರೆ, ಕಚೇರಿಯ ಗಡಿಯಾರವು ೧೨ ಹೊಡೆದಾಗ ಜಡೆಯಲ್ಲಿ ನಡುಹಗಲಾಗಲು ಸರಾಸರಿಯಲ್ಲಿ ಇನ್ನೂ ಅರ್ಧ ಗಂಟೆ, ಹಿರಿಯರ ಲೆಕ್ಕದಲ್ಲಿ ಒಂದೂಕಾಲು ಘಳಿಗೆ, ಉಳಿದಿರುವುದು. ರೈಲಿಗೂ ಕಚೇರಿಗೂ ನ್ಯಾಯಾಲಯಕ್ಕೂ ಏಕರೂಪವಾದ ಕಾಲ ಬೇಕೇ ಬೇಕು, ಅದರಲ್ಲಿ ವಿವಾದವಿಲ್ಲ. ಆದರೆ ಜಡೆಯ ಕೋಳಿಯೂ ಕರುವೂ ಆ ಆಜ್ಞೆಯನ್ನು ಕೇಳಿದವುಗಳಲ್ಲ. ಅವು ಇಂದಿಗೂ ಜಡೆಯ ಸೂರ್ಯನನ್ನೇ ಅನುಸರಿಸುತ್ತಿರುವುವು. ಒಬ್ಬ ಅಧಿಕಾರಿಯು ತನ್ನ ಕೈಗಡಿಯಾರವನ್ನು ನೋಡಿ, ಕೋಳಿ ತಡವಾಗಿ ಕೂಗಿತೆಂದು ಹೇಳುವುದಾದರೆ, ತಪ್ಪು ಕೋಳಿಯದಲ್ಲ.

ತನ್ನ ಕೋಳಿ ಕೂಗುವುದರಿಂದಲೇ ಬೆಳಗಾಗುವುದೆಂದು ಜಂಭಪಟ್ಟು, ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರುಬಿಟ್ಟು ಹೋದ ಮುದುಕಿಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಮುದುಕಿಯನ್ನು ನೋಡಿ ನಗುವ ನಾವು ಅದಕ್ಕೆ ವಿರುದ್ಧವಾದ ಇನ್ನೊಂದು ತಪ್ಪನ್ನು ಮಾಡುತ್ತ ಬಂದಿರುವೆವು. ಬೆಳಕನ್ನು ಕಂಡು ಕೋಳಿ ಕೂಗುವುದೆಂದು ನಾವು ತಿಳಿದಿರುವೆವು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ ಎಂಬ ಪಂಡಿತರು ೨೦೧೩ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹುಂಜಗಳನ್ನು ಬೆಳಗೂ ಬೈಗೂ ಇಲ್ಲದ, ಸದಾ ಒಂದೇ ಸಮನಾದ ಮಬ್ಬು ಬೆಳಕಿನಲ್ಲಿಟ್ಟು ನೋಡಿದರು. ಅರುಣೋದಯವೇ ಇಲ್ಲದ ಆ ಕೋಣೆಯಲ್ಲಿಯೂ ಹುಂಜಗಳು ೨೪ ಗಂಟೆಗೆ ತುಸು ಕಡಿಮೆಯಾದ ಅವಧಿಗೊಮ್ಮೆ ತಪ್ಪದೆ ಕೂಗಿದುವು. ಹಗಲುರಾತ್ರಿಗಳ ವ್ಯವಸ್ಥೆಯಿದ್ದಾಗಲಾದರೋ ದೀಪ ಹೊತ್ತುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಕೂಗು ಆರಂಭವಾಗುತ್ತಿದ್ದಿತು. ಆದುದರಿಂದ ಕೋಳಿಯು ಬೆಳಕನ್ನು ಕಂಡು ಕೂಗುವುದಕ್ಕಿಂತ ಹೆಚ್ಚಾಗಿ, ಬರಲಿರುವ ಬೆಳಕನ್ನು ಎಣಿಸಿ ಕೂಗುವುದೆನ್ನಬೇಕು. ಎರಡು ವರ್ಷಗಳ ತರುವಾಯ ಅದೇ ಪಂಡಿತರು ಇನ್ನೊಂದು ಸೋಜಿಗವನ್ನು ಕಂಡರು. ಗುಂಪಿನಲ್ಲಿರುವ ಹುಂಜಗಳ ಪೈಕಿ ಮೇಲಿನ ಅಂತಸ್ತಿನದು ಮೊದಲು ಕೂಗುವುದು; ಮಿಕ್ಕವು ಅಂತಸ್ತಿನ ಪ್ರಕಾರ ಅದನ್ನು ಅನುಸರಿಸುವುವು; ಮೊದಲನೆಯದನ್ನು ಎತ್ತಿಬಿಟ್ಟರೆ ಎರಡನೆಯದು ಆ ಸ್ಥಾನವನ್ನು ವಹಿಸಿಕೊಳ್ಳುವುದು. ಕಚೇರಿಗಳ ಕ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಇದರಲ್ಲಿ ವಿವರಿಸತಕ್ಕದ್ದೇನೂ ಇಲ್ಲ.

ಹೊತ್ತಿನ ಎಣಿಕೆಯು ಜೀವದ ಒಳಗೇ ಇರುವುದೆಂಬ ಸಂದೇಹವು ಮೊಟ್ಟಮೊದಲು ಹುಟ್ಟಿದುದು ಪ್ರಾಣಿಯಿಂದಲ್ಲ, ಗಿಡದಿಂದ. ಫ್ರಾನ್ಸ್ ದೇಶದ ದ ಮೈರಾನ್ ಎಂಬ ಖಗೋಳಶಾಸ್ತ್ರಜ್ಞನು ೧೭೨೯ರಲ್ಲಿ, ನಮ್ಮ ಮುಟ್ಟಿದರೆಮುನಿಯಂಥ ಗಿಡವೊಂದನ್ನು ಕತ್ತಲೆಯಲ್ಲಿಟ್ಟರೂ ಅದು ಹಗಲಿನಲ್ಲಿ ಎಲೆಯನ್ನು ಅರಳಿಸಿ ರಾತ್ರಿ ಮುಚ್ಚುವುದೆಂದು ತಿಳಿಸಿದನು. ಆ ಗಡಿಯಾರದ ಯಂತ್ರವನ್ನು ಬಿಚ್ಚಿ ನೋಡಲು ಇನ್ನೂರನಲವತ್ತು ವರ್ಷಗಳು ಹಿಡಿದುವು. ೧೯೭೧ರಲ್ಲಿ ಅಮೆರಿಕದ ಕೊನೊಪ್ಕಾ ಮತ್ತು ಬೆನ್ಜರ್ ಎಂಬವರು, ಬಾಳೆಯ ಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣಗಳಲ್ಲಿ ಮೂರು ಬಗೆಯ ವಿಕೃತಿಗಳನ್ನು ಕಂಡರು. ಒಂದರ ದಿನ ೧೯ ಗಂಟೆ. ಇನ್ನೊಂದರದು ೨೮ ಗಂಟೆ. ಮತ್ತೊಂದಕ್ಕೆ ದಿನವೆಂಬುದೇ ಇಲ್ಲ. ಮೂರಕ್ಕೂ ಕಾರಣವಾದುದು ಒಂದೇ ವಂಶವಾಹಿಯ ದೋಷ. ಆ ವಂಶವಾಹಿಯು ಕೆಲಸ ಮಾಡುವ ರೀತಿಯನ್ನು ವಿವರಿಸಿದ್ದಕ್ಕಾಗಿ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆ ರೀತಿಯನ್ನು ತಿಳಿಯುವುದಕ್ಕೆ ನಮ್ಮ ಹಿರಿಯರ ಘಳಿಗೆ ಬಟ್ಟಲನ್ನು ನೆನೆದರೆ ಸಾಕು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಡುವರು. ನೀರು ಮೆಲ್ಲಮೆಲ್ಲನೆ ಒಳಕ್ಕೆ ಬಂದು ತುಂಬಿದೊಡನೆ ಬಟ್ಟಲು ಮುಳುಗುವುದು. ಅದನ್ನೆತ್ತಿ ಚೆಲ್ಲಿ ಮತ್ತೆ ತೇಲಬಿಡುವರು. ಹಣ್ಣುನೊಣದ ಜೀವಕಣದಲ್ಲಿಯೂ ಆ ವಂಶವಾಹಿಯ ಅಪ್ಪಣೆಯಂತೆ ಒಂದು ವಸ್ತುವು ತಯಾರಾಗುತ್ತ ಹೋಗುವುದು. ಅದು ಸಾಕಷ್ಟು ತುಂಬಿದೊಡನೆ ತನ್ನನ್ನು ಹುಟ್ಟಿಸಿದ ಅಪ್ಪಣೆಯನ್ನೇ ತಡೆಯುವುದು. ಹೊಸ ವಸ್ತು ಬಾರದೆ, ಇದ್ದುದು ಕ್ರಮೇಣ ಸವೆದುಹೋಗುವುದು. ಸವೆದೊಡನೆ ತಡೆ ನೀಗಿ ಕೆಲಸವು ಮೊದಲಿನಿಂದ ಆರಂಭವಾಗುವುದು. ಈ ಒಂದು ಸುತ್ತಿಗೆ ಹೆಚ್ಚುಕಡಿಮೆ ೨೪ ಗಂಟೆ. ಬಟ್ಟಲನ್ನೆತ್ತಿ ಬಿಡಲು ಅಲ್ಲಿ ಬೇರೆ ಕೈ ಬೇಡ. ಹಸುವಿನಲ್ಲಿ, ನಾಯಿಯಲ್ಲಿ, ನಮ್ಮಲ್ಲಿಯೂ ಇದೇ ಬಗೆಯ ಏರ್ಪಾಟು ಇರುವುದು. ಸ್ತನಿಗಳಲ್ಲಿ ಇವುಗಳಿಗೆಲ್ಲ ಮುಖ್ಯ ಗಡಿಯಾರವೆನ್ನತಕ್ಕ ಒಂದು ಸಣ್ಣ ಭಾಗವು, ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲುಗಡೆ, ಮಿದುಳಿನಲ್ಲಿರುವುದೆಂದು ೧೯೭೨ರಲ್ಲಿ ಗೊತ್ತಾಯಿತು.

ಇಷ್ಟಾದರೂ ಒಳಗಿನ ಗಡಿಯಾರವು ತಾನಾಗಿ ಪೂರ್ತಿ ಸರಿಯಾದುದಲ್ಲ. ಮಬ್ಬು ಬೆಳಕಿನ ಕೋಣೆಯ ಹುಂಜವು ದಿನಕ್ಕೆ ಕೆಲವು ನಿಮಿಷಗಳಂತೆ ಮುಂದೆ ಮುಂದೆ ಸರಿಯುತ್ತ ಹೋಗುವುದು. ಮನುಷ್ಯನ ಒಳಗಡಿಯಾರವು ೨೪ ಗಂಟೆಗಿಂತ ತುಸು ನಿಧಾನವಾದುದು. ಅದನ್ನು ದಿನದಿನವೂ ತಿದ್ದುವ ಕೈ ಹೊರಗಡೆ ಇರಬೇಕು. ಆ ಕೈ ಸಾಮಾನ್ಯವಾಗಿ ಸೂರ್ಯನದು. ಆದರೆ ಸೂರ್ಯನು ಕಾಣದ ಕಡೆ ಏನು ಗತಿ? ಈ ಪ್ರಶ್ನೆಗೆ ಉತ್ತರ ದೊರೆತುದು ನಮ್ಮ ದಕ್ಷಿಣದೇಶದಲ್ಲಿಯೇ. ಎಂ. ಕೆ. ಚಂದ್ರಶೇಖರನ್ ಎಂಬ ವಿದ್ವಾಂಸರು (೧೯೩೭–೨೦೦೯) ಮಧುರೆಯ ವಿಶ್ವವಿದ್ಯಾಲಯದಲ್ಲಿದ್ದುಕೊಂಡು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡು, ಜೀವಿಗಳ ಕಾಲಜ್ಞಾನವೆಂಬ ಶಾಸ್ತ್ರಕ್ಕೆ ಭಾರತದಲ್ಲಿ ತಳಹದಿ ಹಾಕಿದರು. ಅವರೂ ಅವರ ಸಂಗಡಿಗರೂ ಮಧುರೆಯ ಬಳಿಯ ಗವಿಯೊಂದರಲ್ಲಿ ಬಾವಲಿಯನ್ನು ಪಂಜರದಲ್ಲಿಟ್ಟು ನೋಡಿದರು. ಗವಿಯ ಆಳಕ್ಕೆ ಹಗಲಿನ ಸುಳಿವೇ ಇಲ್ಲ. ಆದರೂ ಸೆರೆಯಲ್ಲಿದ್ದ ಬಾವಲಿಯು ಹೊರಗಣ ಸಂಜೆಗೆ ಸರಿಯಾಗಿ ಎಚ್ಚರಗೊಂಡು ರೆಕ್ಕೆ ಬಡಿಯುತ್ತಿದ್ದಿತು. ಏಕೆಂದರೆ ಗವಿಯ ಇತರ ಬಾವಲಿಗಳು ಹೊರಡುವ, ಹಿಂದಿರುಗುವ ಸಂಭ್ರಮವೇ ಅದಕ್ಕೆ ಹೊತ್ತನ್ನು ತಿಳಿಸುತ್ತಿದ್ದಿತು. ಒಡನಾಡಿಗಳಿಲ್ಲದ ಕತ್ತಲೆಯಲ್ಲಿಟ್ಟಾಗ ಅದರ ದಿನವು ಸೂರ್ಯನ ದಿನದಿಂದ ಜಾರುತ್ತ ಹೋಯಿತು. ೧೯೮೧ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ, ಒಂದು ಪ್ರಾಣಿಯು ತನ್ನ ಜತೆಯವರ ನಡವಳಿಕೆಯಿಂದಲೂ ಹೊತ್ತನ್ನು ತಿದ್ದಿಕೊಳ್ಳಬಲ್ಲುದೆಂಬುದು ಸಿದ್ಧಪಟ್ಟಿತು.

ಇಲ್ಲಿಯವರೆಗೆ ಹೇಳಿದುದು ಹುಟ್ಟಿನಿಂದ ಬಂದ ಗಡಿಯಾರದ ಮಾತು. ಗಡಿಯಾರವಿದ್ದ ಮಾತ್ರಕ್ಕೆ ಯಾವ ವೇಳೆಯಲ್ಲಿ ಏನಿದೆಯೆಂಬುದು ಗೊತ್ತಾಗುವುದಿಲ್ಲ, ಅದನ್ನು ಕಲಿಯಬೇಕು. ಈ ಕಲಿಕೆಯಲ್ಲಿ ಜೇನುಹುಳುವಿಗೆ ಸಮನಾದ ಜೀವಿ ವಿರಳ. ಸ್ವಿಟ್ಜರ್‌ಲೆಂಡಿನ ವೈದ್ಯ ಫೋರೆಲ್ ಎಂಬವನ ಮನೆಯವರು ಬೇಸಗೆಯಲ್ಲಿ ಬೆಳಗಿನ ಫಲಾಹಾರವನ್ನು ಹೊರಗಡೆ ಮಾಡುವುದು ರೂಢಿಯಾಗಿದ್ದಿತು. ತಟ್ಟೆಯಲ್ಲಿದ್ದ ಹಣ್ಣಿನ ಪಾಕದ ರುಚಿ ಹತ್ತಿದ ಜೇನುಗಳು ದಿನವೂ ಆ ಹೊತ್ತಿಗೆ ಬರತೊಡಗಿದುವು. ಮೇಜಿನ ಮೇಲೆ ಏನೂ ಇಲ್ಲದ ದಿನಗಳಲ್ಲಿಯೂ ಅದೇ ಹೊತ್ತಿಗೆ ಅವು ಬಂದು ಹುಡುಕುವುದನ್ನು ಕಂಡು ಅವನು ೧೯೧೦ರಲ್ಲಿ ಈ ವಿಷಯವನ್ನು ಬರೆದನು. ಅನಂತರ ಮ್ಯೂನಿಕ್ ನಗರದಲ್ಲಿ, ಜೇನಿನ ನೃತ್ಯಭಾಷೆಯನ್ನು ಬಿಡಿಸಿದ ಫಾನ್ ಫ್ರಿಶ್ಶನ ಶಿಷ್ಯೆ ಇಂಗೆಬೋರ್ಗ್ ಬೇಲಿಂಗ್ ಎಂಬವಳು ಜೇನುಗಳಿಗೆ ಗುರುತು ಹಚ್ಚಿ, ನಿಯತವಾದ ವೇಳೆಯಲ್ಲಿ ಸಕ್ಕರೆಯ ನೀರನ್ನಿಟ್ಟು ಕಲಿಸಿದಳು. ಪರೀಕ್ಷೆಯ ದಿನ ಬಟ್ಟಲು ಬರಿದಾಗಿದ್ದರೂ ಹುಳುಗಳು ಆ ವೇಳೆಗೇ ಬಂದುವು. ೧೯೨೯ರಲ್ಲಿ ಅವಳು ಪ್ರಕಟಿಸಿದ ಫಲಿತಗಳು ಇಂದಿಗೂ ಪ್ರಮಾಣವಾಗಿರುವುವು.

ಇವು ಸೂರ್ಯನ ಎತ್ತರವನ್ನು ನೋಡಿ ಬರುತ್ತಿರಬಹುದಲ್ಲವೆ ಎಂದು ವಾಚಕರು ಕೇಳಬಹುದು. ಈ ಆಕ್ಷೇಪಕ್ಕೆ ೧೯೫೫ರಲ್ಲಿ ಮಾಕ್ಸ್ ರೆನ್ನರ್ ಎಂಬವನು ಸಮಾಧಾನ ಕೊಟ್ಟನು. ಅವನು ಪ್ಯಾರಿಸ್ ನಗರದ ಮುಚ್ಚಿದ ಕೋಣೆಯೊಂದರಲ್ಲಿ ಜೇನುಗಳಿಗೆ ಊಟದ ಹೊತ್ತನ್ನು ಕಲಿಸಿ, ರಾತ್ರೋರಾತ್ರಿ ವಿಮಾನದಲ್ಲಿ ನ್ಯೂಯಾರ್ಕಿಗೆ ಒಯ್ದು, ಅಲ್ಲಿ ಅದೇ ತೆರನಾದ ಕೋಣೆಯಲ್ಲಿ ಬಿಟ್ಟನು. ಜೇನುಗಳು ನ್ಯೂಯಾರ್ಕಿನ ಗಂಟೆಯನ್ನು ಲಕ್ಷಿಸದೆ, ಕೊನೆಯ ಊಟವಾಗಿ ೨೪ ಗಂಟೆ ತುಂಬಿದಾಗ, ಪ್ಯಾರಿಸಿನ ಹೊತ್ತಿಗೇ ಊಟಕ್ಕೆ ಬಂದುವು. ಈಚೆಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆಕ್ಸೆಲ್ ಬ್ರಾಕ್‌ಮನ್ ಮತ್ತು ಅವರ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವರು. ನಿಯತ ಹೊತ್ತಿನಲ್ಲಿ ಮಾತ್ರ ಆಹಾರ ದೊರೆಯುವಂತೆ ಮಾಡಿದರೆ ಜೇನಿನ ಮಿದುಳಿನೊಳಗಿನ ಗಡಿಯಾರವೇ ಅದಕ್ಕೆ ತಕ್ಕಂತೆ ಸರಿಯುವುದೆಂಬುದನ್ನು ಅವರು ೨೦೧೮ರಲ್ಲಿ ತೋರಿಸಿದರು.

ಈ ಜ್ಞಾನದಿಂದ ಜೇನಿಗೇನು ಲಾಭವೆಂಬುದನ್ನು ಜಡೆಯ ಯಾವ ಹಿತ್ತಲಾದರೂ ಹೇಳುವುದು. ಕುಂಬಳದ ಹೂ ಬೆಳಗ್ಗೆ ಅರಳಿ ನಡುಹಗಲಿನ ಹೊತ್ತಿಗೆ ಮುದುಡುವುದು. ಹೀರೆಯ ಹೂ ಅರಳುವುದು ಸಂಜೆ. ಹೂ ಮುಚ್ಚಿದ ಮೇಲೆ ಬಂದ ಜೇನಿಗೆ ಹಾರಿದ ದಣಿವು ಮಾತ್ರ ಲಾಭ. ತುಡುವೆಯ ಜೇನು ಹೂವಿನ ಬಣ್ಣವನ್ನೂ ವಾಸನೆಯನ್ನೂ ಕಲಿಯುವಂತೆಯೇ ಅದರ ಹೊತ್ತನ್ನೂ ಕಲಿತು, ಯಾವ ವೇಳೆಗೆ ಯಾವ ಬಳ್ಳಿಗೆ ಹೋಗಬೇಕೆಂಬುದನ್ನು ನೆನಪಿಟ್ಟುಕೊಳ್ಳುವುದು. ಸಂತೆಯ ವ್ಯಾಪಾರಿಯು ಹಲವು ಊರುಗಳ ಸಂತೆಯನ್ನು ನೆನಪಿಟ್ಟಂತೆ ಎನ್ನೋಣವೆಂದರೆ, ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೇಲಿಂಗಳು ೧೯ ಗಂಟೆಗೊಮ್ಮೆ ಆಹಾರವಿಟ್ಟು ಕಲಿಸಲು ಯತ್ನಿಸಿದಳು, ಜೇನುಗಳು ಕಲಿಯಲಿಲ್ಲ. ೪೮ ಗಂಟೆಗೊಮ್ಮೆ ಇಟ್ಟಾಗ ಅವು ಎರಡು ದಿನಕ್ಕೊಮ್ಮೆ ಬಾರದೆ, ಪ್ರತಿದಿನವೂ ಆ ಹೊತ್ತಿಗೆ ಬಂದುವು. ಎಂದರೆ, ಅವು ಬಲ್ಲುದು ದಿನದೊಳಗಿನ ವೇಳೆಯನ್ನು, ದಿನಗಳ ಎಣಿಕೆಯನ್ನಲ್ಲ. ಎತ್ತುಗಳು ಸಂತೆಯ ವಾರವನ್ನು ಬಲ್ಲುವೆಂದು ಹೇಳುವುದುಂಟು. ಅಂದು ಬೆಳಗ್ಗೆ ಬಂಡಿಗೆ ಮೂಟೆ ಹೇರುವ ಸದ್ದು, ಮನೆಯವರ ಅವಸರ ಇವೇ ಅವಕ್ಕೆ ಆ ವಾರವನ್ನು ತಿಳಿಸುತ್ತಿರಬೇಕಲ್ಲದೆ, ಬೆರಳು ಮಡಿಸಿ ಏಳನ್ನು ಎಣಿಸಿಕೊಂಡಿರಲಾರವು.

ದಿನದ ವೇಳೆಯಲ್ಲದೆ, ಸಣ್ಣ ಅವಧಿಗಳನ್ನು ಅಳೆಯುವ ಶಕ್ತಿಯೂ ಪ್ರಾಣಿಗಳಿಗುಂಟು. ರಷ್ಯದ ಪಾವ್ಲೊವನ ಪ್ರಯೋಗಶಾಲೆಯಲ್ಲಿ ನಾಯಿಗೆ ೩೦ ನಿಮಿಷಕ್ಕೊಮ್ಮೆ ತಿನಿಸು ಕೊಡುತ್ತ ಬಂದು, ಬಳಿಕ ಒಂದು ಸಲ ಕೊಡದೆ ಬಿಟ್ಟರು. ಗಂಟೆಯನ್ನೂ ಬಾರಿಸಲಿಲ್ಲ, ದೀಪವನ್ನೂ ತೋರಿಸಲಿಲ್ಲ. ಆದರೂ ೩೦ನೆಯ ನಿಮಿಷದ ಸುಮಾರಿಗೆ ನಾಯಿಯ ಬಾಯಲ್ಲಿ ನೀರೂರಿತು. ಅಮೆರಿಕದ ರಿಕ್ಟರ್ ಎಂಬವನು ೧೯೨೨ರಲ್ಲಿ, ದಿನಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ಆಹಾರ ಪಡೆಯುವ ಇಲಿಗಳು ಆ ಹೊತ್ತಿಗೆ ಮುಂಚೆಯೇ ಚಟುವಟಿಕೆಯಿಂದ ಓಡಾಡತೊಡಗುವುದನ್ನು ಕಂಡನು. ಮುಂದಿನ ಸಂಶೋಧಕರು ೧೯೭೯ರಲ್ಲಿ ಇಲಿಗಳ ಮಿದುಳಿನ ಮುಖ್ಯ ಗಡಿಯಾರವನ್ನೇ ಕೆಡಿಸಿ ನೋಡಿದಾಗಲೂ ಊಟದ ಹೊತ್ತಿನ ನಿರೀಕ್ಷೆಯು ಉಳಿದೇ ಇದ್ದಿತು. ಬೆಳಕನ್ನು ನಂಬಿದ ಗಡಿಯಾರ ಒಂದಾದರೆ, ಊಟವನ್ನು ನಂಬಿದ ಗಡಿಯಾರ ಇನ್ನೊಂದು. ಮೊದಲನೆಯದನ್ನು ತಿದ್ದುವವನು ಸೂರ್ಯ; ಸಾಕುಪ್ರಾಣಿಯ ಎರಡನೆಯ ಗಡಿಯಾರವನ್ನು ತಿದ್ದುವವನು ಅದನ್ನು ಸಾಕಿದ ಯಜಮಾನ.

ಕೊಟ್ಟಿಗೆಯಲ್ಲಿ ನಿಂತ ಹಸುವಿಗೆ ಇದು ಎಷ್ಟು ಮುಖ್ಯವೆಂಬುದನ್ನು ಹಾಲು ಕರೆಯುವವರು ಬಲ್ಲರು. ಹಾಲು ಕೆಚ್ಚಲಿನಲ್ಲಿದ್ದರೂ ಹಸುವು ಅದನ್ನು ಇಳಿಸಿ ಬಿಡದೆ ಬೆರಳಿಗೆ ಬಾರದು. ಮಿದುಳಿನಿಂದ ಹೊರಟು ರಕ್ತದಲ್ಲಿ ಬಂದ ಒಂದು ರಸವು ಕೆಚ್ಚಲನ್ನು ತಲುಪಿದಾಗಲೇ ಹಾಲು ಇಳಿಯುವುದು. ಆ ರಸವು ಕರುವು ಮೊಲೆಗೆ ಬಾಯಿ ಹಾಕಿದಾಗ ಹೊರಡುವುದು; ಅಭ್ಯಾಸವಾದ ಮೇಲೆ, ಚೆಂಬಿನ ಸದ್ದಿಗೂ ಹಿಂಡಿಯ ವಾಸನೆಗೂ ಹೊರಡುವುದು. ಹೆದರಿಕೆಯಾದರೆ, ಗಾಬರಿಯಾದರೆ, ತಡೆಯುವುದು. ಹಾಲಿನ ಸಹಕಾರ ಸಂಘಕ್ಕೆ ಬೆಳಗ್ಗೆ ಸಂಜೆ ತಪ್ಪದೆ ಹಾಲು ಹಾಕುವ ಮನೆಯ ಹಸುವು ಆ ಹೊತ್ತುಗಳನ್ನು ಕಲಿತು ಸಿದ್ಧವಾಗಿ ನಿಲ್ಲುವುದು. ಇಂದು ಐದಕ್ಕೆ, ನಾಳೆ ಏಳಕ್ಕೆ, ಜಾತ್ರೆಯ ದಿನ ಮಧ್ಯಾಹ್ನಕ್ಕೆ ಎಂದು ಕರೆಯುವ ಯಜಮಾನನು, ಹಸು ಮೊಂಡಾಯಿತೆಂದು ಬೈಯುವುದರಲ್ಲಿ ಅರ್ಥವಿಲ್ಲ. ಅವನು ಕಲಿಸಿದ ಅಸ್ತವ್ಯಸ್ತವನ್ನೇ ಅದು ಕಲಿತಿರುವುದು.

ಪ್ರಾಣಿಗಳು ಮುಂದೆ ಬರುವ ಹೊತ್ತನ್ನು ಎದುರುನೋಡಬಲ್ಲುವು ಸರಿ. ಕಳೆದ ಹೊತ್ತನ್ನು ನೆನೆಯಬಲ್ಲುವೆ? ಈ ಕಠಿನವಾದ ಪ್ರಶ್ನೆಗೆ ೧೯೯೮ರಲ್ಲಿ ಕ್ಲೇಟನ್ ಮತ್ತು ಡಿಕಿನ್ಸನ್ ಎಂಬ ವಿದ್ವಾಂಸರು ಕಾಗೆಯ ಜಾತಿಗೆ ಸೇರಿದ ಜೇ ಎಂಬ ಹಕ್ಕಿಯಿಂದ ಉತ್ತರ ಪಡೆದರು. ಆ ಹಕ್ಕಿಯು ಆಹಾರವನ್ನು ಬಚ್ಚಿಟ್ಟುಕೊಳ್ಳುವ ಸ್ವಭಾವದ್ದು. ಅದಕ್ಕೆ ಹುಳುವೂ ಕಡಲೆಕಾಯಿಯ ಬೀಜವೂ ದೊರೆತರೆ ಹುಳುವೇ ಪ್ರಿಯ. ಆದರೆ ಹುಳು ಬೇಗ ಕೊಳೆಯುವುದು. ಈ ವಿಷಯವನ್ನು ಅನುಭವದಿಂದ ಕಲಿತ ಹಕ್ಕಿಗಳು, ಬಚ್ಚಿಟ್ಟು ೪ ಗಂಟೆಯಾಗಿದ್ದರೆ ಹುಳುವಿದ್ದ ಕಡೆಗೆ ಹೋದುವು. 124 ಗಂಟೆಯಾಗಿದ್ದರೆ ಅದನ್ನು ಬಿಟ್ಟು ಬೀಜವಿದ್ದ ಕಡೆಗೆ ಹೋದುವು. ಏನನ್ನು, ಎಲ್ಲಿ, ಎಷ್ಟು ಹೊತ್ತಿನ ಹಿಂದೆ ಇಟ್ಟೆವೆಂಬ ಮೂರನ್ನೂ ಅವು ನೆನಪಿಟ್ಟಿದ್ದುವೆಂಬುದು ಸ್ಪಷ್ಟ. ನೆನ್ನೆಯ ಸಾರು ಹಳಸಿತೆಂದು ಮೂಸಿ ನೋಡದೆಯೇ ಹೇಳಬಲ್ಲ ಗೃಹಿಣಿಯ ಜ್ಞಾನಕ್ಕೂ ಇದಕ್ಕೂ ಬಹಳ ದೂರವಿಲ್ಲ.

ದಿನದ ಹೊತ್ತಿನಿಂದ ವರ್ಷದ ಋತುವಿಗೆ ಬರೋಣ. ಜಡೆಯಿರುವ ಸೊರಬ ತಾಲ್ಲೂಕಿನಲ್ಲಿಯೇ ಗುಡವಿಯೆಂಬ ಊರಿನ ಕೆರೆಯೊಂದಿರುವುದು. ಮೃಗಶಿರೆಯ ಮಳೆ ಹಿಡಿದು ಆರಿದ್ರೆಯತ್ತ ಸಾಗುವ ಜೂನ್ ತಿಂಗಳಲ್ಲಿ ಕರಿತಲೆಯ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಮೊದಲಾದವು ಅಲ್ಲಿ ನೆರೆಯತೊಡಗುವುವು. ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟಿ ಮರಿಮಾಡಿ, ವರ್ಷದ ಕೊನೆಯ ಹೊತ್ತಿಗೆ ಚೆದರಿ ಹೋಗುವುವು. ೧೯೮೯ರಲ್ಲಿ ಸರ್ಕಾರವು ಈ ಸ್ಥಳವನ್ನು ಪಕ್ಷಿಧಾಮವೆಂದು ಘೋಷಿಸಿತು. ಈ ಹಕ್ಕಿಗಳಿಗೆ ಮೃಗಶಿರೆ ಬಂದಿತೆಂದು ತಿಳಿಸುವವರಾರು?

ಉತ್ತರದ ಚಳಿದೇಶಗಳಲ್ಲಿ ಹಗಲಿನ ಉದ್ದವೇ ಹಕ್ಕಿಗಳಿಗೆ ಪಂಚಾಂಗ. ಕೆನಡಾದ ರೋವನ್ ಎಂಬ ಪ್ರಾಧ್ಯಾಪಕನು ೧೯೨೦ರ ದಶಕದಲ್ಲಿ, ಕೊರೆಯುವ ಚಳಿಗಾಲದಲ್ಲಿ ಸಣ್ಣ ಹಕ್ಕಿಗಳ ಪಂಜರಕ್ಕೆ ದೀಪವಿಟ್ಟು ಹಗಲನ್ನು ದಿನದಿನಕ್ಕೆ ಉದ್ದಮಾಡುತ್ತ ಹೋದನು; ಹೊರಗಡೆ ಹಿಮ ಬಿದ್ದಿರುವಾಗಲೇ ಹಕ್ಕಿಗಳ ಒಡಲು ವಸಂತಕ್ಕೆ ಸಿದ್ಧವಾಯಿತು. ಆದರೆ ನಮ್ಮ ಸೊರಬದ ಸೀಮೆಯಲ್ಲಿ ಅತಿ ದೀರ್ಘವಾದ ಹಗಲು ಸುಮಾರು ೧೩ ಗಂಟೆ, ಅತಿ ಚಿಕ್ಕದು ಸುಮಾರು ೧೧¼ ಗಂಟೆ. ಇಷ್ಟು ಸ್ವಲ್ಪವಾದ ಅಂತರವು ಹಕ್ಕಿಗೆ ತಿಳಿಯುವುದೇ ಎಂದು ಹಿಂದೆ ಪಂಡಿತರು ಸಂಶಯಪಟ್ಟಿದ್ದರು. ಸಮಭಾಜಕವೃತ್ತಕ್ಕೆ ನಮಗಿಂತಲೂ ಹತ್ತಿರದ ಪನಾಮಾದಲ್ಲಿ ವಾಸಿಸುವ ಇರುವೆಹಕ್ಕಿಯೊಂದು ಹಗಲು ಕೇವಲ ೧೭ ನಿಮಿಷ ಹೆಚ್ಚಿದುದನ್ನು ಗುರುತಿಸಿ ಮರಿಮಾಡಲು ಅಣಿಯಾಗುವುದೆಂದು ೧೯೯೮ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದು ಆ ಸಂಶಯ ಸಡಿಲವಾಯಿತು. ಹಗಲಿನ ಉದ್ದವು ಒಡಲನ್ನು ಸಿದ್ಧಗೊಳಿಸುವುದು. ಮುಹೂರ್ತವನ್ನು ನಿಶ್ಚಯಿಸುವುದರಲ್ಲಿ ಮಳೆಗೂ ಕೆರೆಯ ನೀರಿಗೂ ಮೀನುಕಪ್ಪೆಗಳ ಸಮೃದ್ಧಿಗೂ ಪಾಲುಂಟು. ಪಂಚಾಂಗದಲ್ಲಿ ಮೃಗಶಿರೆಯನ್ನು ಕಂಡರೂ, ನೆಲ ನೆನೆದುದನ್ನು ನೋಡಿದ ಮೇಲೆಯೇ ಬಿತ್ತನೆಗೆ ಹೊರಡುವ ನಮ್ಮ ರೈತನ ರೀತಿಯೂ ಇದೇ ಅಲ್ಲವೆ?

ಇಷ್ಟು ವಿಷಯಗಳನ್ನು ಒಟ್ಟುಗೂಡಿಸಿ ನೋಡಿದರೆ ಒಂದು ಮಾತು ಸಿದ್ಧವಾಗುವುದು. ಕಾಲದ ಗಡಿಯಾರವು ಪ್ರಾಣಿಗೆ ಹುಟ್ಟಿನಿಂದಲೇ ಬಂದಿರುವುದು. ಆದರೆ ಅದನ್ನು ತಿದ್ದುವ ಕೈಗಳು ಹೊರಗಡೆ ಇರುವುವು. ಬೆಳಕು, ಮಳೆ, ಹೂವು, ಜತೆಯವರ ನಡವಳಿಕೆ, ಊಟದ ವೇಳೆ ಇವೇ ಆ ಕೈಗಳು. ಇವುಗಳಲ್ಲಿ ಯಾವುದೊಂದನ್ನು ನಾವು ಕೆಡಿಸಿದರೂ ಪ್ರಾಣಿಯು ತಪ್ಪಾದ ಹೊತ್ತನ್ನು ಕಲಿಯುವುದು. ಕಲಿತುದು ತಪ್ಪೆಂದು ತಿಳಿಯುವ ಉಪಾಯ ಮಾತ್ರ ಅದಕ್ಕಿಲ್ಲ. ಇದು ಬರಿಯ ಊಹೆಯಲ್ಲ. ಜರ್ಮನಿಯಲ್ಲಿ ಪೇಟೆಯ ರಾತ್ರಿಗಳಲ್ಲಿರುವಷ್ಟೇ ಮಂದವಾದ ಬೆಳಕನ್ನು ಕರಿಹಕ್ಕಿಗಳ ಪಂಜರಕ್ಕೆ ರಾತ್ರಿಯೆಲ್ಲ ಬಿಟ್ಟು ನೋಡಿದರು. ಹುಣ್ಣಿಮೆಯ ಬೆಳದಿಂಗಳಿಗೆ ಸಮೀಪವಾದ ಆ ಬೆಳಕಿನಿಂದಲೇ ಅವುಗಳ ಒಡಲು ಸುಮಾರು ಒಂದು ತಿಂಗಳು ಮುಂಚಿತವಾಗಿ ಮರಿಮಾಡುವ ಸ್ಥಿತಿಗೆ ಬಂದಿತೆಂದು ೨೦೧೩ರಲ್ಲಿ ಪ್ರಕಟವಾಯಿತು. ಒಂದು ತಿಂಗಳು ಮುಂಚೆ ಹುಟ್ಟಿದ ಮರಿಗೆ ಹುಳುಹುಪ್ಪಟೆ ಎಲ್ಲಿಂದ ಬರಬೇಕು?

ಆದುದರಿಂದ ನಮ್ಮ ಓದುಗರಲ್ಲಿ, ವಿಶೇಷವಾಗಿ ಅಧಿಕಾರಸ್ಥಾನದಲ್ಲಿರುವವರಲ್ಲಿ, ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆವು. ಊರಿಗೆ ದೀಪ ಬೇಕು, ಬೇಡವೆನ್ನುವವರು ನಾವಲ್ಲ. ಆದರೆ ಕೆರೆಯ ಏರಿಯ ಮೇಲೆ, ಹಕ್ಕಿಗಳು ತಂಗುವ ಮರಗಳ ಬಳಿಯಲ್ಲಿ, ಕಾನಿನ ಅಂಚಿನಲ್ಲಿ ದೀಪವನ್ನು ಹಾಕಿಸುವ ಮೊದಲು, ಅದು ಯಾರ ಕೆಲಸಕ್ಕೆ, ಎಷ್ಟು ಹೊತ್ತಿನವರೆಗೆ ಎಂದು ವಿಚಾರಿಸುವುದು ಯುಕ್ತ. ಬೆಳಕು ನೆಲದ ಮೇಲೆ ಬೀಳುವಂತೆ ಮುಸುಕು ಹಾಕಿ, ಕೆಲಸ ಮುಗಿದ ಮೇಲೆ ಆರಿಸುವ ಏರ್ಪಾಟಿಗೆ ಹೆಚ್ಚಿನ ಹಣ ಬೇಕಾಗುವುದಿಲ್ಲ. ಕೆರೆಗೆ ನೀರು ತರುವ ಕಾಲುವೆಗಳನ್ನು ಮೃಗಶಿರೆಗೆ ಮೊದಲೇ ಹೂಳೆತ್ತಿಸಿದರೆ ಹಕ್ಕಿಗಳಿಗೆ ಕೊಟ್ಟ ಕರೆ ಸುಳ್ಳಾಗದು. ಗೂಡಿನ ಮರದ ಬುಡದಲ್ಲಿ ನೀರಿದ್ದರೆ ಅದೇ ಮರಿಗಳಿಗೆ ಕೋಟೆಯ ಕಂದಕ. ನೀರು ನಡುವೆ ಬತ್ತಿದರೆ ಶತ್ರುವಿಗೆ ದಾರಿ ತೆರೆದಂತೆಯೇ ಸರಿ. ಹಲವು ಜಾತಿಯ ಮರಗಳುಳ್ಳ ಕಾನು ವರ್ಷದುದ್ದಕ್ಕೂ ಒಂದಾದ ಮೇಲೊಂದು ಹೂವನ್ನು ಕೊಡುವುದು. ಅದನ್ನು ಕಡಿದು ಒಂದೇ ಜಾತಿಯ ನೆಡುತೋಪನ್ನು ಮಾಡಿದರೆ ಜೇನಿನ ಪಾಲಿಗೆ ಪಂಚಾಂಗದ ಹಲವು ಹಾಳೆಗಳನ್ನು ಹರಿದಂತಾಗುವುದು.

ಮನೆಯವರಿಗೆ ಹೇಳತಕ್ಕುದು ಇನ್ನೂ ಚಿಕ್ಕದು. ದನಕ್ಕೆ ಮೇವು, ನೀರು, ಹಾಲು ಕರೆಯುವ ವೇಳೆ ಇವನ್ನು ನಿಯತವಾಗಿ ನಡೆಸಬೇಕು. ಹಬ್ಬವೆಂದು, ಊರಲ್ಲಿಲ್ಲವೆಂದು ತಪ್ಪಿಸಲಾಗದು. ಬೀದಿಯ ನಾಯಿಗೆ ದಿನವೂ ಒಂದು ಹೊತ್ತಿನಲ್ಲಿ ಅನ್ನ ಹಾಕುವ ರೂಢಿ ಮಾಡಿದವರು, ಬೇಸರ ಬಂದೊಡನೆ ನಿಲ್ಲಿಸುವ ಮೊದಲು ಆ ಪ್ರಾಣಿಯು ಆ ಹೊತ್ತಿಗೆ ಬಂದು ಕಾಯುತ್ತಿರುವುದೆಂಬುದನ್ನು ನೆನೆಯಬೇಕು. ನಾವು ಬಾಯಿಂದ ಯಾವ ಮಾತನ್ನೂ ಕೊಡದೆ ಇರಬಹುದು. ಆದರೆ ಹತ್ತು ದಿನ ಒಂದೇ ಹೊತ್ತಿನಲ್ಲಿ ಮಾಡಿದ ಕೆಲಸವನ್ನು ಮೂಕಪ್ರಾಣಿಯು ಮಾತೆಂದೇ ತಿಳಿದುಕೊಳ್ಳುವುದು.

ಜಡೆಯ ಕೊಟ್ಟಿಗೆಯ ಕರುವು ಸಂಜೆ ಎದ್ದು ನಿಂತು ಹಗ್ಗವನ್ನು ಜಗ್ಗುವುದನ್ನು ನಾವು ಮೊದಲಿನಲ್ಲಿ ಹೇಳಿದೆವಷ್ಟೆ. ಅದು ಗಂಟೆಯ ಸದ್ದಿಗಾಗಿ ಕಾಯಲಿಲ್ಲ. ತಾಯಿ ನಿನ್ನೆ ಬಂದಂತೆ ಇಂದೂ ಈ ಹೊತ್ತಿಗೆ ಬರುವಳೆಂಬ ಭರವಸೆಯಿಂದ ಎದ್ದಿತು. ಆ ಭರವಸೆಯನ್ನು ಅದಕ್ಕೆ ಕೊಟ್ಟವರಲ್ಲಿ ಸೂರ್ಯನಿರುವನು, ತಾಯಿಯಿರುವಳು, ಮನೆಯ ಯಜಮಾನನೂ ಇರುವನು. ಸೂರ್ಯನೂ ತಾಯಿಯೂ ತಪ್ಪುವವರಲ್ಲ. ಉಳಿದವನು ತನ್ನ ಪಾಲನ್ನು ಸಲ್ಲಿಸಿದರೆ ಆಯಿತು.